ಸೋಫಾ ಇರುವ ರೂಮು

ಟೈಲರಮ್ಮನ ಗಂಡನ ಪಿತ್ತಕೋಶದಲ್ಲಿ ಕಲ್ಲು. ನಾಳೆ ಬೆಳಿಗ್ಗೆ ಆಪರೇಷನ್. ಕಲ್ಲು ಗಂಡನ ಹೊಟ್ಟೆಯಲ್ಲಿದ್ದರೆ ಕಿಚ್ಚು ಹೆಂಡತಿಯ ಹೊಟ್ಟೆಯಲ್ಲಿತ್ತು, ಅದೂ ಒಂದು ವರ್ಷದಿಂದ.

ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ಅವಳ ಮೈದುನನಿಗೂ ಇದೇ ಆಪರೇಷನ್ ಆಗಿತ್ತು. ನೋಡಲು ಹೋದಾಗ ಕಂಡದ್ದೇನು? ಒಂಟಿ ರೂಮು, ದೊಡ್ಡ ಕಿಟಕಿ, ನೀಲಿ ಸೋಫಾ, ಸೋಫಾದ ಮೇಲೆ ಕಾಲು ಮಡಚಿ ಕೂತ ಓರಗಿತ್ತಿ. ಮನೆಗೆ ಬಂದ ಮೇಲೆ ಅವಳು, "ಎಲ್ಲಾ ಇನ್ಶೂರೆನ್ಸಿನವರೇ ಕೊಟ್ರು ಅಕ್ಕ, ನಮ್ಮ ಕೈಯಿಂದ ಒಂದು ಕಾಸೂ ಹೋಗ್ಲಿಲ್ಲ" ಅಂದಿದ್ದಳು. ಅಂದಿನಿಂದ ಅವಳು ಏನು ಮಾಡಿದರೂ ಟೈಲರಮ್ಮನಿಗೆ ಮೈಯೆಲ್ಲ ಉರಿ. ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಕೊಂಡು ಓರಗಿತ್ತಿ ಸ್ಕೂಟರ್ ಬಿಟ್ಟು ನಡೆದೇ ಕೆಲಸಕ್ಕೆ ಹೋಗತೊಡಗಿದಳು. ಅವಳ ಸೊಂಟ ಎರಡು ಇಂಚು ಇಳಿದದ್ದನ್ನು ಟೈಲರಮ್ಮ ಟೇಪು ಹಿಡಿಯದೆಯೇ ಅಳೆದಳು. ಅದಕ್ಕೂ ಉರಿದುಕೊಂಡಳು.

ಹಾಗಾಗಿ ಕೌಂಟರಿನಲ್ಲಿ "ಯಾವ ರೂಮು ಬೇಕು?" ಎಂದು ಕೇಳಿದ ಕೂಡಲೇ, "ಸೋಫಾ ಇರೋದು" ಅಂದಳು. ಬಾಡಿಗೆ ದಿನಕ್ಕೆ ಆರು ಸಾವಿರ. ಗಂಡ ಏನೋ ಹೇಳಲು ಹೋದ. "ಇನ್ಶೂರೆನ್ಸ್ ಇದೆಯಲ್ಲ, ಸುಮ್ನಿರಿ" ಎಂದು ಅವನ ಬಾಯಿ ಮುಚ್ಚಿಸಿದಳು. ರೂಮು ಇನ್ನೂ ಒರೆಸುತ್ತಿದ್ದರು, ಫಾರಮಿಗೆ ಸಹಿ ಆಗಿರಲಿಲ್ಲ. ಅಷ್ಟರಲ್ಲಿ ಓರಗಿತ್ತಿ ಬಂದಳು. ಟೈಲರಮ್ಮ ಅವಳನ್ನು ಮೂರನೇ ಮಹಡಿಗೆ ಎಳೆದೊಯ್ದು ರೂಮಿನ ಬಾಗಿಲಲ್ಲಿ ನಿಲ್ಲಿಸಿದಳು.

"ನೋಡು, ನಿನ್ನ ಸೋಫಾಗಿಂತ ಒಂದು ಗೇಣು ಉದ್ದ ಇದೆ."

ಓರಗಿತ್ತಿ ಸೋಫಾ ಕಡೆ ತಿರುಗಿಯೂ ನೋಡಲಿಲ್ಲ. "ಅಕ್ಕ, ಈ ರೂಮು ಬೇಡ. ಇಬ್ಬರು ಇರೋ ರೂಮು ತಗೊಳ್ಳಿ."

"ಯಾಕೆ? ನಾನು ಇಲ್ಲಿ ಕೂತ್ರೆ ನಿನ್ನ ಕಣ್ಣು ಕುಕ್ಕುತ್ತಾ?"

"ನಮ್ಮಿಬ್ಬರದೂ ಒಂದೇ ಥರದ ಪಾಲಿಸಿ ಅಲ್ವಾ? ಅದ್ರಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ಮೂರು ಸಾವಿರ ಅಂತ ಮಿತಿ ಇದೆ. ಇಬ್ಬರ ರೂಮು ಅಷ್ಟರೊಳಗೇ ಸಿಗುತ್ತೆ."

"ಇರ್ಲಿ ಬಿಡು. ಮೇಲಿನ ಮೂರು ಸಾವಿರ ನಾವೇ ಕೊಟ್ರಾಯ್ತು. ಎರಡು ದಿನ ತಾನೆ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ಮಿತಿಯ ಎರಡರಷ್ಟು ಬಾಡಿಗೆಯ ರೂಮು ಹಿಡಿದ್ರೆ, ಡಾಕ್ಟರ್ ಫೀಸು, ಥಿಯೇಟರ್ ಖರ್ಚು, ನರ್ಸಿಂಗು, ಎಲ್ಲಕ್ಕೂ ಅರ್ಧಾನೇ ಕೊಡ್ತಾರೆ. ಉಳಿದರ್ಧ ನಮ್ಮ ತಲೆ ಮೇಲೆ."

"ಸುಳ್ಳು! ನಿಂಗೆ ಪೂರ್ತಿ ಬಂತಲ್ಲ?"

ಓರಗಿತ್ತಿ ನೆಲ ನೋಡಿದಳು. "ಬರ್ಲಿಲ್ಲ ಅಕ್ಕ. ಅರವತ್ತು ಸಾವಿರ ಕೈಯಿಂದ ಕಟ್ಟಿದ್ವಿ. ಸ್ಕೂಟರ್ ಮಾರಿದ್ದು ಅದಕ್ಕೇ. ಆಗ ನಿಮ್ಮ ಅಂಗಡಿ ಚೆನ್ನಾಗಿ ನಡೀತಿತ್ತು. ನಿಮ್ಮ ಮುಂದೆ ಸಣ್ಣವಳಾಗೋಕೆ ಮನಸ್ಸು ಬರ್ಲಿಲ್ಲ, ಸುಳ್ಳು ಹೇಳ್ದೆ."

ನಿಜ ಹೇಳಬೇಕೆಂದರೆ, ಟೈಲರಮ್ಮನಿಗೆ ಮೊದಲು ಆದದ್ದು ಸಂತೋಷ. ಒಂದು ವರ್ಷದ ಉರಿ ಒಂದೇ ಗಳಿಗೆಯಲ್ಲಿ ತಣ್ಣಗಾಯಿತು. ಆಮೇಲೆ ಅವಳ ಕಣ್ಣು ಓರಗಿತ್ತಿಯ ಚಪ್ಪಲಿಯ ಮೇಲೆ ಬಿತ್ತು. ಹಿಮ್ಮಡಿಯ ಕಡೆ ಸವೆದು ಕಾಗದದಂತಾಗಿತ್ತು. ಟೈಲರಮ್ಮನಿಗೆ ನಾಚಿಕೆಯಾಯಿತು.

ಆದರೂ ಅನುಮಾನ ಬಿಡಬೇಕಲ್ಲ! ಓರಗಿತ್ತಿಯನ್ನೂ ಕರೆದುಕೊಂಡು ನೇರ ಇನ್ಶೂರೆನ್ಸ್ ಕೌಂಟರಿಗೆ ಹೋಗಿ, ಪಾಲಿಸಿ ಮುಂದಿಟ್ಟು, ಅವಳ ಮಾತು ನಿಜವೇ ಎಂದು ಕೇಳಿದಳು. ಅಲ್ಲಿದ್ದಾಕೆ ಓದಿ ನೋಡಿ, "ಇವರು ಹೇಳಿದ್ದು ಸರಿ. ಔಷಧಿಗೆ ಮಾತ್ರ ಈ ಕಡಿತ ಇಲ್ಲ. ಎಲ್ಲರ ಪಾಲಿಸಿಲೂ ಹೀಗೇ ಇರಲ್ಲ, ಆದ್ರೆ ಮೊದಲೇ ಕೇಳೋರೇ ಕಡಿಮೆ" ಅಂದಳು.

"ಇಬ್ಬರ ರೂಮು ತಗೊಂಡ್ರೆ ಡಾಕ್ಟರ್ ಬೇರೆಯವರಾ?"

"ಅವರೇ. ಕತ್ತರಿನೂ ಅದೇ, ಹೊಲಿಗೆನೂ ಅದೇ."

ಹೊಲಿಗೆಯ ಮಾತು ಟೈಲರಮ್ಮನಿಗೆ ಅರ್ಥವಾಯಿತು. ಇಬ್ಬರ ರೂಮಿನ ಫಾರಮಿಗೆ ಸಹಿ ಹಾಕಿಸಿದಳು. ಗಂಡ ಅಂದು ಮೊದಲ ಸಲ ನಕ್ಕ.

ಮರುದಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಸಂಜೆ ಓರಗಿತ್ತಿ ಬಂದಾಗ ಆ ರೂಮಿನಲ್ಲಿ ಇದ್ದದ್ದು ಒಂದು ಪರದೆ, ಒಂದು ಸ್ಟೂಲು. ಟೈಲರಮ್ಮ ಎದ್ದು ಸ್ಟೂಲನ್ನು ಅವಳತ್ತ ತಳ್ಳಿದಳು.

"ಕೂತ್ಕೋ. ನಡ್ಕೊಂಡು ಬಂದಿದ್ದೀಯ."

ಅಕ್ಕಂದಿರೇ, ಅಣ್ಣಂದಿರೇ, ಆಸ್ಪತ್ರೆಯ ಫಾರಮಿಗೆ ಸಹಿ ಹಾಕುವ ಮುಂಚೆ ಪಾಲಿಸಿ ತೋರಿಸಿ ಕೇಳಿ: ರೂಮಿಗೆ ಮಿತಿ ಎಷ್ಟು? ಮೀರಿದರೆ ಬೇರೆ ಯಾವುದಕ್ಕೆಲ್ಲ ಕತ್ತರಿ? ಉತ್ತರವನ್ನು ಬರೆಸಿಕೊಳ್ಳಿ. ಇನ್ನೊಂದು ಮಾತು. ಕೈಯಿಂದ ದುಡ್ಡು ಹೋಗಿದ್ದರೆ ಮುಚ್ಚಿಡಬೇಡಿ. ನಿಮ್ಮ ಸುಳ್ಳನ್ನು ನಂಬಿ ನಿಮ್ಮ ಮನೆಯವರೇ ನಾಳೆ ಸೋಫಾ ಇರುವ ರೂಮು ಕೇಳಿಯಾರು.