ಹಂಡೆಯೊಳಗಿನ ಗಿರಾಕಿ

ಅನೈಟಿಯಮ್ ದ್ವೀಪದ ರೂಬೆನ್ ನೌಪಾನ ಬಳಿ ಇದ್ದದ್ದು ಒಂದೇ ಸರಕು, ಒಂದು ಕಬ್ಬಿಣದ ಹಂಡೆ. ಅದನ್ನೂ ಅವನು ಮಾರುತ್ತಿರಲಿಲ್ಲ. ಪ್ರವಾಸಿ ಹಡಗು ಬಂದ ದಿನ ಹೆಂಡತಿ ಟಬಿಟಾಳೊಂದಿಗೆ ದೋಣಿಯಲ್ಲಿ ಎದುರಿನ ಮರಳುದಿಬ್ಬಕ್ಕೆ ಹೋಗಿ, ಹಂಡೆಯ ಪಕ್ಕ ‘ನರಭಕ್ಷಕರ ಸಾರು, ಫೋಟೊಗೆ ಐದು ಡಾಲರ್’ ಎಂಬ ಹಲಗೆ ನೆಡುತ್ತಿದ್ದ. ಗಿರಾಕಿ ಒಳಗಿಳಿದು ‘ಅಯ್ಯೋ’ ಎಂದು ಬಾಯಿ ತೆರೆಯಬೇಕು. ರೂಬೆನ್ ಮುಖಕ್ಕೆ ಮಸಿ ಬಳಿದುಕೊಂಡು, ಈಟಿ ಹಿಡಿದು ಕಣ್ಣು ಕೆಕ್ಕರಿಸಬೇಕು. ವ್ಯಾಪಾರ ಇಷ್ಟೇ. ಆ ಹಂಡೆಯಲ್ಲಿ ಅವನಜ್ಜಿ ಮದುವೆಗಳಿಗೆ ಕೆಸುವಿನ ಗಡ್ಡೆ ಬೇಯಿಸುತ್ತಿದ್ದಳು. ರೂಬೆನ್ ಅಂತೂ ಚರ್ಚಿನ ಹಿರಿಯರಲ್ಲೊಬ್ಬ. ಬೆಂದ ಮೀನು ಕಣ್ಣು ಬಿಟ್ಟುಕೊಂಡಿದ್ದರೆ ತಟ್ಟೆ ಸರಿಸುವವನು.

ಆ ಶನಿವಾರ ಬ್ರಿಸ್ಬೇನಿನ ಕೀತ್ ಎಂಬ ದಢೂತಿ ಆಸಾಮಿ ಹೆಂಡತಿ ಗ್ಲೆನಿಸ್ ಜೊತೆ ಬಂದ.

“ಯಜಮಾನ್ರೇ, ಹೊರಗೇ ನಿಂತ್ಕೊಳ್ಳಿ, ಫೋಟೊ ಚೆನ್ನಾಗೇ ಬರುತ್ತೆ,” ಎಂದ ರೂಬೆನ್.

“ದುಡ್ಡು ಕೊಟ್ಟಿಲ್ವೇನಯ್ಯ?” ಎನ್ನುತ್ತ ಕೀತ್ ಇಳಿದೇಬಿಟ್ಟ. ಅರ್ಧ ಇಳಿದ. ಮಿಕ್ಕರ್ಧ ಇಳಿಯಲೂ ಇಲ್ಲ, ಏರಲೂ ಇಲ್ಲ. ಹಂಡೆಯ ಬಾಯಿ ಅವನ ಸೊಂಟವನ್ನು ಕಚ್ಚಿ ಹಿಡಿದಿತ್ತು.

ಟಬಿಟಾ ಮಾರಲು ತಂದಿದ್ದ ಕೊಬ್ಬರಿ ಎಣ್ಣೆಯನ್ನೆಲ್ಲ ಅಂಚಿಗೆ ಸುರಿದಳು. ನಾಲ್ಕು ಜನ ದೋಣಿಯವರು ಕಂಕುಳಿಗೆ ಕೈಹಾಕಿ ಎಳೆದರು. ಕೀತ್ ಮೇಲೆದ್ದ, ಅವನ ಜೊತೆ ಹಂಡೆಯೂ ಎದ್ದಿತು. ಇಳಿಸಿದರು.

ಸುದ್ದಿ ತಿಳಿದು ಹಡಗಿನಿಂದ ಎಂಜಿನಿಯರ್ ಬಂದ. ಬೆರಳಲ್ಲಿ ಹಂಡೆ ಬಡಿದು, “ಕಬ್ಬಿಣ ಕಾದ್ರೆ ಹಿಗ್ಗುತ್ತೆ. ಸಣ್ಣಗೆ ಬೆಂಕಿ ಹಾಕಿ,” ಎಂದ.

“ನಾನಾ?” ಎಂದ ರೂಬೆನ್.

“ಹಂಡೆ ಯಾರದು?”

ರೂಬೆನ್ ಹೆಂಡತಿಯನ್ನು ಪಕ್ಕಕ್ಕೆ ಕರೆದ. “ನಾಳೆ ಪಾದ್ರಿಗಳು ಕೇಳಿದ್ರೆ ಏನೇ ಹೇಳ್ಲಿ?”

“ಬೇಯಿಸ್ಲಿಲ್ಲ, ಬೆಚ್ಚಗೆ ಮಾಡಿದ್ವಿ ಅನ್ನು.”

ಕಾಲು ಸುಡದಿರಲೆಂದು ಎಂಜಿನಿಯರ್ ಎರಡು ಬಕೆಟ್ ಸಮುದ್ರದ ನೀರನ್ನು ಒಳಗೆ ಹೊಯ್ಯಿಸಿದ. ಅಲ್ಲಿಗೆ ಸಾರಿಗೆ ಬೇಕಾದದ್ದೆಲ್ಲ ಕೂಡಿಬಂತು. ಸುತ್ತ ಇನ್ನೂರು ಜನ ಫೋನ್ ಎತ್ತಿ ಹಿಡಿದಿದ್ದರು.

“ಉಪ್ಪು ಜಾಸ್ತಿಯಾಯ್ತು, ಅವರಿಗೆ ಬಿಪಿ ಇದೆ,” ಎಂದಳು ಗ್ಲೆನಿಸ್.

ರೂಬೆನ್ ತೆಂಗಿನ ಸಿಪ್ಪೆ ಒಡ್ಡಿ ಕಡ್ಡಿ ಗೀರಿದ. ಮೂರು ಕಡ್ಡಿಯನ್ನು ಸಿಪ್ಪೆಗೆ ತಾಗಿಸದೆ ತಾನೇ ಊದಿ ಆರಿಸಿದ. ಅದನ್ನು ಕಂಡ ಕೀತ್ ಬಗ್ಗಿ ಅವನ ತಲೆ ಸವರಿದ. “ಗಾಬರಿ ಬೀಳ್ಬೇಡ ಮಾರಾಯ. ಮೂವತ್ತು ವರ್ಷ ಮಾಂಸದಂಗಡಿ ಇಟ್ಟಿದ್ದವನು ನಾನು. ಹದ ಬಂದಾಗ ನಾನೇ ಹೇಳ್ತೀನಿ.”

ನಾಲ್ಕನೇ ಕಡ್ಡಿಗೆ ಸಿಪ್ಪೆ ಹತ್ತಿಕೊಂಡಿತು. ರೂಬೆನ್ ಕಣ್ಣು ಮುಚ್ಚಿ, ತಪ್ಪು ಹೊಟ್ಟೆಗೆ ಹಾಕಿಕೋ ಎಂದು ದೇವರನ್ನು ತನ್ನ ಭಾಷೆಯಲ್ಲೇ ಬೇಡತೊಡಗಿದ. ಜನ ಅದನ್ನು ಪುರಾತನ ಮಂತ್ರವೆಂದು ತಿಳಿದು ಚಪ್ಪಾಳೆ ತಟ್ಟಿದರು. ‘ಹೊಟ್ಟೆ’ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದಕ್ಕೆ ಬೆದರಿ ಅವನು ಪ್ರಾರ್ಥನೆಯನ್ನು ಮೊದಲಿಂದ ಶುರುಮಾಡಿದ.

ಹತ್ತು ನಿಮಿಷಕ್ಕೆ ಕೀತ್ ಕೂಗಿದ, “ಹದ ಬಂತು! ಎಳೀರಿ!” ದೋಣಿಯವರು ಎಳೆದರು. ಪುಳಕ್ಕನೆ ಸದ್ದಾಗಿ, ಎಣ್ಣೆ ಸುರಿಸುತ್ತ ಅವನು ಮರಳಿಗೆ ಬಿದ್ದ. ಸೊಂಟದ ಸುತ್ತ ಒಂದು ಕೆಂಪು ಉಂಗುರ ಬಿಟ್ಟರೆ ಏನೂ ಆಗಿರಲಿಲ್ಲ. ರೂಬೆನ್ ಆಕಾಶ ನೋಡಿ ಕೈಮುಗಿದ.

“ಅಯ್ಯೋ, ಗಡಿಬಿಡೀಲಿ ಫೋಟೊ ತೆಗೆಯೋದೇ ಮರೆತೆ!” ಎಂದಳು ಗ್ಲೆನಿಸ್.

ಕೀತ್ ಎದ್ದು ಮತ್ತೆ ಹಂಡೆಗೆ ಕಾಲೆತ್ತಿದ. ಅವನ ಹಿಂದೆ ಆಗಲೇ ಸಾಲು ಬೆಳೆದಿತ್ತು. “ನಮಗೂ ಬೆಂಕಿ ಬೇಕು!” “ಎಣ್ಣೆ ಮೊದಲು ನನಗೆ!” ಎಂಬ ತಳ್ಳಾಟ.

ರೂಬೆನ್ ಈಟಿ ಎಸೆದು, ಗೋಣಿಯಲ್ಲಿ ಹಂಡೆಯ ಅಂಚು ಹಿಡಿದು ನೀರೆಲ್ಲ ಚೆಲ್ಲುವಂತೆ ಬೋರಲು ಹಾಕಿದ. “ಇವತ್ತು ಅಡುಗೆ ಮುಗೀತು!” ಟಬಿಟಾ ಮೇಲೊಂದು ಚಾಪೆ ಹಾಸಿದಳು, ಅವನು ಅದರ ಮೇಲೆ ಕೂತೇಬಿಟ್ಟ.

ಕೀತ್ ಒಂದು ಕ್ಷಣ ಯೋಚಿಸಿ, ತಾನೂ ಪಕ್ಕದಲ್ಲಿ ಜಾಗ ಮಾಡಿಕೊಂಡು ಅವನ ಹೆಗಲಿಗೆ ಕೈಹಾಕಿದ. ಗ್ಲೆನಿಸ್ ಫೋಟೊ ತೆಗೆದಳು. ಅದರಲ್ಲಿ ರೂಬೆನ್ನನ ಮಸಿ ಬೆವರಿಗೆ ಕರಗಿ ಗಡ್ಡಕ್ಕಿಳಿದಿತ್ತು. ಕಣ್ಣು ಕೆಕ್ಕರಿಸಲು ಅವನಿಗೆ ನೆನಪಾಗಿರಲಿಲ್ಲ.

ಕೊನೆಯ ದೋಣಿ ಹೊರಡುವ ತನಕ ಜನ ಒಬ್ಬೊಬ್ಬರಾಗಿ ಬಂದು ಆ ಭಯಂಕರ ಅಡುಗೆಯವನ ಪಕ್ಕ ಕೂತು ಹೋದರು. ಚಾಪೆ ಇದ್ದರೂ ಹಂಡೆಯ ತಳ ಇನ್ನೂ ಬಿಸಿಯಿತ್ತು. ಯಾರಿಗೂ ಹೆಚ್ಚು ಹೊತ್ತು ಕೂರಲಾಗದೆ ಸಾಲು ಬೇಗ ಬೇಗ ಸರಿಯಿತು.