ಎರಡು ಬೆರಳ ಸಂದು

ಫಕ್ರುಸಾಬನಿಗೆ ಅಳತೆಪಟ್ಟಿ ಕಂಡರೆ ಆಗುತ್ತಿರಲಿಲ್ಲ. ಅಮರಗೋಳದ ಮಾರ್ಕೆಟ್ ಯಾರ್ಡಿನ ಎದುರು ಮೂವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಎದ್ದ ಮನುಷ್ಯ ಅವನು. ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದನ್ನು ಬೆರಳಿನಿಂದಲೇ ಅಳೆಯುತ್ತಿದ್ದ. ಮೂರು ಬೆರಳು ಹಿಡಿದರೆ ಆರಾಮ, ಎರಡು ಹಿಡಿದರೆ ನಡೆಯುತ್ತದೆ, ಒಂದೇ ಹಿಡಿದರೆ ಟೈರು ಉಜ್ಜುತ್ತದೆ. ಯಾರಾದರೂ ಮಿಲಿಮೀಟರ್ ಅಂತ ಬಾಯಿ ತೆರೆದರೆ, "ಹಂಗಾರ ಮಿಲಿಮೀಟರ್ ಇದ್ದಲ್ಲೇ ಹೋಗಿ ಬರ್ರಿ" ಎಂದು ಪಾನಾ ಕೆಳಗಿಡುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲಿತ್ತು, ಖರೆ. ಆದರೆ ಎಷ್ಟೇ ಬೈದರೂ ಗಿರಾಕಿಯನ್ನು "ಹೋಗಿ ಬರ್ರಿ" ಅನ್ನದೆ ಕಳಿಸಿದವನಲ್ಲ.

ಇಂಥವನ ಮುಂದೆ ಮಾಳಮಡ್ಡಿಯ ಗುರುಪಾದ ಒಂದು ಬೆಳಿಗ್ಗೆ ತನ್ನ ಬಿಳಿ ಕಾರು ತಂದು ನಿಲ್ಲಿಸಿದ.

"ಕಾಕಾ, ಇದಕ್ಕ ದೊಡ್ಡ ಟೈರ್ ಹಾಕ್ರಿ."

"ತಲಿ ನೆಟ್ಟಗೈತೇನಲೇ? ಗಾಡಿ ಗಿಡ್ಡ ಮಾಡಸ್ದಾಂವ ನೀ, ಸ್ಪ್ರಿಂಗ್ ಕತ್ತರಿಸ್ದಾಂವ ನಾ. ಈಗ ದೊಡ್ಡ ಟೈರ್ ಎಲ್ಲಿ ಹಿಡಸ್ಲಿ, ನನ್ನ ತಲಿ ಮ್ಯಾಲೆ?"

ಆ ಕಾರು ತಗ್ಗಾಗಿದ್ದು ಹುಡುಗರ ಶೋಕಿಗಲ್ಲ. ಗುರುಪಾದನ ಅವ್ವ ಮುರಿಗೆವ್ವನಿಗೆ ಮೊಣಕಾಲು ಬೇನೆ. ಕಾಲೆತ್ತಿ ಸೀಟಿಗೆ ಹತ್ತಲು ಆಗುತ್ತಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತಂತೆ ಅವಳು ಕೂರಲಿ ಎಂದು ನಾಲ್ಕೂ ಸ್ಪ್ರಿಂಗನ್ನು ಒಂದೊಂದು ಸುತ್ತು ಕತ್ತರಿಸಿದ್ದರು. ಹಿಂದಿನ ಸೀಟಿನ ಎಡಗಡೆ ಅವಳ ಕಾಯಂ ಜಾಗ. ಗ್ಯಾರೇಜಿಗೆ ಬಂದರೆ ಇಳಿಯುತ್ತಿರಲಿಲ್ಲ. ಕಿಟಕಿಯಿಂದಲೇ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಚಾಚಿ, "ನಿನಗ ಮೊದ್ಲ ಸಿಟ್ಟು ಜಾಸ್ತಿ, ಅದಕ್ಕ ಖಾರ ಕಮ್ಮಿ ಹಾಕೇನಿ" ಎಂದು ಛೇಡಿಸುತ್ತಿದ್ದಳು. ಮೂರು ತಿಂಗಳ ಹಿಂದೆ ತೀರಿಕೊಂಡಳು.

"ಆರತಿಗೆ ಎಂಟ ತಿಂಗಳ ನಡದಾವ್ರಿ" ಎಂದ ಗುರುಪಾದ, ಹೆಂಡತಿಯ ಮಾತೆತ್ತಿ. "ಐತವಾರ ಬಾಣಂತನಕ್ಕ ನವಲಗುಂದಕ್ಕ ಕಳಸ್ಬೇಕು, ಅಕಿ ತವರಮನಿಗೆ. ಈ ಗಾಡಿ ರೋಡಿನ ಹಂಪ್ ಹಂಪಿಗೆ ಹೊಟ್ಟಿ ಬಡಕೋತೈತಿ. ಅಕಿಗೆ ಧಕ್ಕಿ ಆಗತಾವು. ಬಾಡಿಗಿ ಗಾಡಿ ತರ್ತೇನಿ ಅಂದ್ರ ಒಲ್ಲೆ ಅಂತಾಳ. ಇದ ಬೇಕಂತ, ಯಾಕಂತ ಹೇಳವಲ್ಲಳು."

"ಹೊಸಾ ಸ್ಪ್ರಿಂಗ್ ಹಾಕೋಣು."

"ಬ್ಯಾಡ್ರಿ. ಅವ್ವನ ಸಲುವಾಗಿ ಇಳಿಸಿದ್ದು. ಎತ್ತಾಕ ಮನಸ್ಸ ಬರವಲ್ದು."

ಫಕ್ರುಸಾಬ ಗೊಣಗುತ್ತಲೇ ಜಾಕ್ ಹಚ್ಚಿದ. ಒಂದು ಅಳತೆ ದೊಡ್ಡ ಟೈರು ಹಾಕಿದ. ಮಡ್‌ಗಾರ್ಡಿನ ಒಳ ಅಂಚನ್ನು ಬಡಿದು ಮಡಚಿದ. ನಾಲ್ಕೂ ಕಡೆ ಬೆರಳಿಟ್ಟು ನೋಡಿದ, ಎರಡೆರಡು ಹಿಡಿದವು. ಇಬ್ಬರೂ ಕೂತು ಯಾರ್ಡಿನ ಮುಂದಿನ ಹಂಪ್ ದಾಟಿಸಿದರು. ಕೆಳಗೆ ಬಡಿಯಲಿಲ್ಲ, ಎಲ್ಲಿಯೂ ಉಜ್ಜಲಿಲ್ಲ.

ಮೂರನೆಯ ದಿನ ಗುರುಪಾದ ವಾಪಸ್ ಬಂದ. ಅವನಿಗಿಂತ ಮೊದಲು ಸುಟ್ಟ ರಬ್ಬರಿನ ವಾಸನೆ ಬಂತು. ಹಿಂದಿನ ಎಡಗಾಲಿಯ ಟೈರಿನ ಅಂಚು ಸವೆದು ಒಳಗಿನ ನೂಲು ಕಾಣುತ್ತಿತ್ತು. ಉಳಿದ ಮೂರೂ ಟೈರು ಹೊಚ್ಚ ಹೊಸದಾಗಿಯೇ ಇದ್ದವು.

"ಹಿಂದ ಯಾರ್ ಕೂತಿದ್ರು?"

"ಯಾರೂ ಇಲ್ರಿ. ಮೂರು ದಿನಾನೂ ನಾ ಒಬ್ಬನ."

"ಸುಳ್ಳ ಹೇಳಬ್ಯಾಡ. ಟೈರ್ ಹೇಳಾಕತ್ತೈತಿ, ಕೂತಾರ ಅಂತ."

ಬೇರೆ ಟೈರು ಹಾಕಿ ಫಕ್ರುಸಾಬ ತಾನೊಬ್ಬನೇ ಗಾಡಿ ತೆಗೆದುಕೊಂಡು ಹೊರಟ. ಹಾಡುಹಗಲು, ಯಾರ್ಡಿನ ತುಂಬ ಜನ. ಮೊದಲ ಹಂಪಿಗೇ ಬೆನ್ನ ಹಿಂದೆ, ಎಡಕ್ಕೆ, ಸರ್ರ್ ಅಂತು. ಎರಡನೆಯದಕ್ಕೆ ಇನ್ನೂ ಉದ್ದಕ್ಕೆ ಸರ್ರ್ರ್ ಅಂತು. ಕನ್ನಡಿಯಲ್ಲಿ ನೋಡಿದರೆ ಖಾಲಿ ಸೀಟು. ಗಾಡಿ ನಿಲ್ಲಿಸಿ, ಬಂದ್ ಮಾಡಿ, ಎಡಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟ. ಒಂದೇ ಹಿಡಿಯಿತು. ಎರಡನೆಯದನ್ನು ತುರುಕಲು ನೋಡುವಷ್ಟರಲ್ಲಿ, ಕೂತವರು ಮಗ್ಗಲು ಬದಲಿಸಿದಂತೆ ಗಾಡಿ ಮೆಲ್ಲಗೆ ಕುಸಿದು ಅವನ ಬೆರಳನ್ನು ಅದುಮಿತು.

"ಯಾ ಅಲ್ಲಾ!" ಕೈ ಕಿತ್ತುಕೊಂಡು ಹಿಂದಕ್ಕೆ ಬಿದ್ದ. ಹಮಾಲರು ಯಾರೋ ನಕ್ಕರು.

ಅವನ ಹಠವೂ ಸಣ್ಣದಲ್ಲ. ಅದೇ ಹಮಾಲರಿಂದ ಐವತ್ತು ಕಿಲೋದ ಜೋಳದ ಚೀಲವೊಂದನ್ನು ಹೊರಿಸಿ, ಹಿಂದಿನ ಸೀಟಿನ ಬಲಕ್ಕೆ ಹಾಕಿಸಿದ. ತಕ್ಕಡಿಯ ಲೆಕ್ಕ ಅದು. ಬಲಗಡೆ ಇಳಿದು ಎಡಕ್ಕೆ ಸಮ ನಿಂತಿತು. ಎಡಕ್ಕೆ ಒಂದು ಬೆರಳು, ಬಲಕ್ಕೆ ಒಂದು ಬೆರಳು. ಗ್ಯಾರೇಜಿಗೆ ವಾಪಸ್ ಬಂದು ಗುರುಪಾದನನ್ನು ಪಕ್ಕಕ್ಕೆ ಕರೆದ.

"ನಿಮ್ಮವ್ವ ಎಷ್ಟ ತೂಕ ಇದ್ರು?"

"ಕಡೀಕ ದವಾಖಾನ್ಯಾಗ ಐವತ್ತು ಅಂದಿದ್ರು. ಯಾಕ್ರಿ?"

ಫಕ್ರುಸಾಬ ಚೀಲದ ಕಡೆ ಬೆರಳು ಮಾಡಿ ಎಲ್ಲ ಹೇಳಿದ. ಗುರುಪಾದ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟ. ನಂಬಲಿಲ್ಲ ಅನ್ನುವ ಹಾಗೂ ಇರಲಿಲ್ಲ ಅವನ ಮುಖ.

"ಮಣ್ಣ ಕೊಡೂಮುಂದ ಏನರೆ ಅಂದಿದ್ಯೇನು?"

"ಏನಂತೇನ್ರಿ... 'ಹೋಗಿ ಬಾ ಯವ್ವಾ' ಅಂದೆ. ಬಾಯಿಗೆ ಬಂದಬಿಡ್ತು."

ಬಾರದೆ ಏನು ಮಾಡೀತು? ಈ ಕಡೆ ಸಂತೆಗೆ ಹೊರಟವರಿಗೂ ಯಾರೂ ಬರೀ "ಹೋಗು" ಅನ್ನುವುದಿಲ್ಲ. ಅಂದರೆ ಕೆನ್ನೆಗೆ ಹೊಡೆದ ಹಾಗೆ. "ಹೋಗಿ ಬಾ" ಅನ್ನಬಾರದ ಜಾಗ ಇರುವುದು ಅದೊಂದೇ, ಹುಡುಗ ಅಲ್ಲಿಯೇ ಅಂದಿದ್ದ. ಅವರ ಮನೆತನದ ರೂಢಿಯಂತೆ ಮುರಿಗೆವ್ವನನ್ನು ಕೂಡಿಸಿಯೇ ಮಣ್ಣು ಮಾಡಿದ್ದರು. ಕೂತು ಹೋದ ಹೆಂಗಸು ಕೂತೇ ಬಂದಿದ್ದಾಳೆ ಅನ್ನಿಸಿ ಫಕ್ರುಸಾಬನ ಮೈಮೇಲೆ ಮುಳ್ಳೆದ್ದವು.

"ನೋಡ ತಮ್ಮಾ, ಹಿಂಗ ಉಜ್ಜಿದ್ರ ನವಲಗುಂದ ಹಾದ್ಯಾಗ ಟೈರ್ ಒಡೀತೈತಿ. ಗಾಡ್ಯಾಗ ಆರತಿ ಇರ್ತಾಳ, ಅಕಿ ಹೊಟ್ಟ್ಯಾಗ ಇನ್ನೊಂದು ಜೀವ. ಕರದಾಂವ ನೀ, ನೀನ ಕಳಸ್ಬೇಕು."

ಮುಗದ ಊರಿನ ಅವರ ಹೊಲದ ಬದುವಿನಲ್ಲಿ ಮುರಿಗೆವ್ವನ ಗದ್ದುಗೆ, ಅವಳನ್ನು ಮಣ್ಣು ಮಾಡಿದ ಜಾಗ. ಮಟಮಟ ಮಧ್ಯಾಹ್ನ ಅಲ್ಲಿ ಗಾಡಿ ನಿಲ್ಲಿಸಿದರು. ದಾರಿಯುದ್ದಕ್ಕೂ ಸರ್ರ್ ಅನ್ನುತ್ತಿದ್ದದ್ದು ಗದ್ದುಗೆ ಕಂಡ ಮೇಲೆ ಸುಮ್ಮನಾಗಿತ್ತು. ಗುರುಪಾದ ಹಿಂದಿನ ಎಡಬಾಗಿಲು ತೆರೆದ. ಫಕ್ರುಸಾಬ ಹೆದರುತ್ತಲೇ ಸಂದಿಗೆ ಬೆರಳಿಟ್ಟು ಕೂತ.

"ಹೋಗಿ..." ಎಂದ ಗುರುಪಾದ. ನಾಲಿಗೆ ಕಚ್ಚಿಕೊಂಡ. "ಹೋಗಿ..."

"ಅನ್ನಲೇ ಲಗೂನ!"

"ಹೋಗ ಬೇ ಯವ್ವಾ" ಎಂದ. ಧ್ವನಿ ಒಡೆದುಹೋಯಿತು. "ಹೋಗು. ಬರಬ್ಯಾಡ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೊಣಕಾಲು ನೋಯುವ ಮುದುಕಿ ಬಾಗಿಲು ಹಿಡಿದು ಏಳುವಷ್ಟು ನಿಧಾನಕ್ಕೆ ಗಾಡಿ ಮೇಲೆದ್ದಿತು. ಸಂದಿನಲ್ಲಿ ಎರಡು ಬೆರಳು ಸಲೀಸಾಗಿ ಆಡಿದವು. ಗುರುಪಾದ ಬಾಗಿಲು ಮುಚ್ಚಿ, ಮುಂದೆ ಹೋಗಿ ಕೂತು, ಸ್ಟೇರಿಂಗಿಗೆ ಹಣೆ ಹಚ್ಚಿ ಎಳೆ ಹುಡುಗನಂತೆ ಅತ್ತ. ವಾಪಸ್ ಬರುವಾಗ ಒಂದು ಹಂಪಿಗೂ ಸದ್ದಾಗಲಿಲ್ಲ. ಕೆಲಸ ಪಾಸಾಯಿತು ಅಂತ ಖುಷಿಯಾಗಬೇಕಿತ್ತು; ಫಕ್ರುಸಾಬನಿಗೆ ಮಾತ್ರ ಯಾಕೋ ಆ ರೊಟ್ಟಿಯ ಗಂಟೇ ನೆನಪಾಗುತ್ತಿತ್ತು.

ಐತವಾರ ಮುಂಜಾನೆ ಗಂಡ ಹೆಂಡತಿ ನವಲಗುಂದಕ್ಕೆ ಹೊರಟವರು ಗ್ಯಾರೇಜಿನ ಮುಂದೆ ನಿಂತರು. ಆರತಿ ಹಿಂದಿನ ಸೀಟಿನ ಬಲಕ್ಕೆ, ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತಿದ್ದಳು. ಅವಳ ಭಾರಕ್ಕೂ ಎರಡು ಬೆರಳು ಉಳಿಯಲಿ ಎಂದು ಆ ಕಡೆಯ ಮಡ್‌ಗಾರ್ಡಿನ ಅಂಚನ್ನು ಫಕ್ರುಸಾಬ ಮೊದಲೇ ಇನ್ನಷ್ಟು ಬಡಿದು ಮಡಚಿದ್ದ. ಎಡಗಡೆ ಖಾಲಿ.

"ಆರಾಮ ಅದಿ ಏನ್ ಮಗಳ? ಧಕ್ಕಿ ಆಗತಾವೇನು?"

"ಏನೇನೂ ಇಲ್ರಿ ಕಾಕಾ. ಅತ್ತಿಯವರು ಇರಬೇಕಾಗಿತ್ತು ನೋಡ್ರಿ." ಆರತಿ ಖಾಲಿ ಸೀಟನ್ನು ಸವರಿದಳು. "ನನ್ನ ಬಾಣಂತನಕ್ಕ ತಾವ ಕರ್ಕೊಂಡ ಹೋಗ್ತೇನಿ ಅಂದಿದ್ರು. 'ಇದ ಗಾಡ್ಯಾಗ, ನಿನ್ನ ಬಾಜೂಕ ಕೂತು ತವರಮನಿ ಮುಟ್ಟಸ್ತೇನಿ, ನಾ ಇಲ್ದ ಹೋಗಬ್ಯಾಡ' ಅಂತ ಆಣಿ ಹಾಕಿಸ್ಕೊಂಡಿದ್ರು. ಅದಕ್ಕ ನಾ ಬ್ಯಾರೆ ಗಾಡಿ ಒಲ್ಲೆ ಅಂದೆ."

ಗುರುಪಾದ ತಿರುಗಿ ನೋಡಿದ. ಈ ಮಾತು ಅವನಿಗೂ ಹೊಸದು. ಬಣ್ಣವೆಲ್ಲ ಇಳಿದುಹೋದ ಮುಖವನ್ನು ಫಕ್ರುಸಾಬನ ಕಡೆ ಎತ್ತಿದ. ಫಕ್ರುಸಾಬನಿಗೂ ಆಗಲೇ ತಿಳಿದದ್ದು: ಮುರಿಗೆವ್ವ ಮಗ ಕರೆದದ್ದಕ್ಕೆ ಬಂದವಳಲ್ಲ, ಕೊಟ್ಟ ಮಾತಿಗೆ ಬಂದು ಕೂತಿದ್ದಳು. ಅಂಥವಳನ್ನು ಹೊಲದಲ್ಲಿ ಇಳಿಸಿ, ಬರಬೇಡ ಅನ್ನಿಸಿದವನು ತಾನು. ಎಂಥ ಪಾಪದ ಕೆಲಸ ಮಾಡಿಸಿದೆ ಅನ್ನಿಸಿ ತನ್ನ ಮೇಲೆಯೇ ಸಿಟ್ಟು ಬಂತು.

ಮುಖ ಮರೆಸಲು ಕೆಳಗೆ ಕೂತು ಎಡಗಾಲಿಯ ಸಂದಿಗೆ ಬೆರಳಿಟ್ಟ. ಎರಡು. ಸುಮ್ಮನೆ ಬಿಟ್ಟರೆ ಗಾಡಿ ಸುಖವಾಗಿ ಹೋಗುತ್ತದೆ.

"ಬರ್ತೇವ್ರಿ ಕಾಕಾ" ಎಂದಳು ಆರತಿ, ಉತ್ತರಕ್ಕೆ ಕಾದಳು.

ಹೆರಿಗೆಗೆ ಹೊರಟ ಹೆಣ್ಣುಮಗಳಿಗೆ ಬರೀ "ಹೋಗು" ಅನ್ನಲು ಯಾವ ಬಾಯಿ ಬಂದೀತು? ಏನೂ ಅನ್ನದೆ ಕಳಿಸಿದರೆ ಅದು ಇನ್ನೂ ಕೆಟ್ಟದ್ದು. "ಹೋಗಿ ಬಾ" ಅಂದರೆ ಆ ಗಾಡಿಯಲ್ಲಿ ಅದನ್ನು ಮತ್ತ್ಯಾರು ಕೇಳಿಸಿಕೊಳ್ಳುತ್ತಾರೋ! ಫಕ್ರುಸಾಬ ಸಂದಿನಿಂದ ಬೆರಳು ತೆಗೆಯಲಿಲ್ಲ. ಒಮ್ಮೆ ಕಣ್ಣು ಮುಚ್ಚಿ, ಗ್ಯಾರೇಜಿಗೆಲ್ಲ ಕೇಳುವ ಹಾಗೆ ಅಂದ: "ಹೋಗಿ ಬರ್ರಿ. ಎಲ್ಲಾರೂ ಕೂಡಿ ಹೋಗಿ ಬರ್ರಿ."

ಗಾಡಿ ಇಳಿಯಿತು. ಈ ಸಲ ಬೆರಳಿಗೆ ನೋವಾಗಲಿಲ್ಲ, ಕೈ ಹಿಡಿದು ಒತ್ತಿದಂತೆ ಆಯಿತು. ಒಂದು ಬೆರಳಿನ ಸಂದು ಉಳಿಯಿತು. ಕನ್ನಡಿಯಲ್ಲಿ ಗುರುಪಾದನ ಕಣ್ಣು ತುಂಬಿದ್ದವು, ಅವನಿಗೂ ಗೊತ್ತಾಗಿತ್ತು.

ಫಕ್ರುಸಾಬ ಎದ್ದು ಎಡಗಡೆಯ ಕಿಟಕಿಗೆ ಬಾಗಿದ. ಬಸ್ಸಿನಲ್ಲಿ ಹೇಳುತ್ತಾರಲ್ಲ, ಅಷ್ಟೇ ಸಹಜವಾಗಿ ಹೇಳಿದ: "ಅಕ್ಕಾರ, ಸ್ವಲ್ಪ ನಡುವ ಸರದ ಕೂಡ್ರಿ. ಗಾಲಿ ಉಜ್ಜತೈತಿ."

"ಯಾರಿಗಂತೀರಿ ಕಾಕಾ?" ಆರತಿ ನಕ್ಕಳು.

ಅವನು ಮತ್ತೆ ಕೂತು ಬೆರಳಿಟ್ಟ. ಎಡಕ್ಕೆ ಒಂದೂವರೆ ಆಗಿತ್ತು. ಸುತ್ತು ಹಾಕಿ ಬಲಕ್ಕೆ ನೋಡಿದ, ಅಲ್ಲಿಯೂ ಒಂದೂವರೆ. ಸಾಕು, ನವಲಗುಂದ ಮುಟ್ಟಲು ಅಷ್ಟು ಸಾಕು. ಟಾಪಿನ ಮೇಲೆ ಎರಡು ಸಲ ತಟ್ಟಿದ. ಗಾಡಿ ಹೊರಟಿತು, ಯಾರ್ಡಿನ ಮುಂದಿನ ಹಂಪ್ ಹತ್ತಿ ಇಳಿಯಿತು. ಉಸಿರು ಹಿಡಿದು ಕಿವಿಗೊಟ್ಟ. ಸದ್ದಿಲ್ಲ.

ಹಿಂದಿನ ಗಾಜಿನಲ್ಲಿ ಆರತಿ ಕಾಣುತ್ತಿದ್ದಳು. ಅವಳು ಇನ್ನಷ್ಟು ಬಾಗಿಲ ಕಡೆ ಸರಿದು, ಪಕ್ಕದ ಸೀಟಿನ ಮೇಲೆ ಬಿದ್ದಿದ್ದ ತನ್ನ ಸೆರಗನ್ನು ಜಗ್ಗಿಕೊಂಡಳು. ಒಂದು ಸಲಕ್ಕೆ ಬರಲಿಲ್ಲ, ಎರಡು ಸಲ ಜಗ್ಗಿದಳು. ಬಾಜು ಕೂತವರ ಅಡಿಯಲ್ಲಿ ಸಿಕ್ಕಿದ್ದರೆ ಜಗ್ಗುತ್ತಾರಲ್ಲ, ಹಾಗೆ.