ನಿಮ್ಮೆಲ್ಲರ ಸಂಗಡ

ಮಧುಗಿರಿಯ ಬಂಡೆ ಬಿಸಿಲಿಗೆ ಕಾಯುವ ಮುಂಚೆ ಚರ್ಚಿನ ಆರಾಧನೆ ಮುಗಿಯಬೇಕು ಎಂಬುದು ಗಂಗಹನುಮಯ್ಯನವರ ಮೂವತ್ತೊಂದು ವರ್ಷಗಳ ನಿಯಮ. ದೀಕ್ಷಾಸ್ನಾನವಾದಾಗಲೂ ಅಪ್ಪ ಇಟ್ಟ ಹೆಸರನ್ನು ಬದಲಿಸಿಕೊಳ್ಳದ ಈ ಸಭಾಪಾಲಕರನ್ನು ಸಭೆಯವರೆಲ್ಲ ‘ಅಯ್ಯನೋರು’ ಎಂದೇ ಕರೆಯುತ್ತಿದ್ದರು. ನಿನ್ನೆಗೆ ಅವರ ನಿವೃತ್ತಿ. ಇಂದು ಮೊದಲ ಸಲ ವೇದಿಕೆಯ ಕೆಳಗೆ, ಮುಂದಿನ ಕುರ್ಚಿಯಲ್ಲಿದ್ದರು.

ಮೇಲೆ ನಿಂತಿದ್ದವನು ಹಾಲೇಶ. ಆರು ವರ್ಷ ಅವರ ಬೈಕಿನ ಹಿಂದೆ ಕುಳಿತು ಶಿರಾ, ಕೊರಟಗೆರೆ, ಪಾವಗಡದ ಮನೆಗಳನ್ನು ಸುತ್ತಿ ಕೆಲಸ ಕಲಿತವನು. ಹೋದ ವಾರ ತುಮಕೂರಿಗೆ ಬಂದಿದ್ದ ಬಿಷಪರು ಅವನ ತಲೆಯ ಮೇಲೆ ಕೈಯಿಟ್ಟು ಸಭಾಪಾಲಕನೆಂದು ಅಭಿಷೇಕಿಸಿದ್ದರು.

ಬೈಬಲಿನ ಮೇಲಿನ ಪ್ರಸಂಗ ಚೆನ್ನಾಗಿಯೇ ಆಯಿತು. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ಎದ್ದು ತಲೆ ಬಾಗಿಸಿದರು. ಆ ಮಾತಿನಲ್ಲಿ ಒಂದಕ್ಷರದ ವ್ಯತ್ಯಾಸವಿದೆ. ಅಭಿಷೇಕವಾದವರು ಎರಡೂ ಕೈ ಎತ್ತಿ, ದೇವರ ಕೃಪೆ ‘ನಿಮ್ಮೆಲ್ಲರ ಸಂಗಡ’ ಇರಲಿ ಎನ್ನುತ್ತಾರೆ. ಆಗದವರು ಕೈಮುಗಿದು ‘ನಮ್ಮೆಲ್ಲರ’ ಎನ್ನುತ್ತಾರೆ.

ಹಾಲೇಶನ ಕೈಗಳು ಎದೆಯವರೆಗೆ ಏರಿದವು. ಕಣ್ಣು ಮುಂದಿನ ಕುರ್ಚಿಯ ಕಡೆ ಹೋಯಿತು. ಕೈಗಳು ಅಲ್ಲೇ ಜೋಡಿಸಿಕೊಂಡವು.

“ನಮ್ಮೆಲ್ಲರ ಸಂಗಡ ಇರಲಿ.”

ಆಮೆನ್ ಅಲ್ಲೊಂದು ಇಲ್ಲೊಂದು ಕೇಳಿಸಿತು. ಯಾರೂ ಚಪ್ಪಲಿಯ ಕಡೆ ಹೊರಡಲಿಲ್ಲ.

“ಬಿಷಪ್ರು ಇಟ್ಟ ಕೈ ಇನ್ನಾ ಒಳಕ್ಕಿಳಿದಿಲ್ಲ ಅಂತ ಕಾಣ್ತದೆ,” ಎಂದ ಹಿಂದಿನಿಂದ ಕಾಡಸಿದ್ದಪ್ಪ. ಒಂದಿಬ್ಬರು ನಕ್ಕರು.

ಪಾವಗಡದ ತೆಲುಗು ಸೀಮೆಯ ಕ್ಯಾತಗಾನಚೆರ್ಲಿನಿಂದ ಬಂದಿದ್ದ ಮುದುಕಿ ಈಶ್ವರಮ್ಮ ನೇರ ಗಂಗಹನುಮಯ್ಯನವರಿಗೇ ಹೇಳಿದಳು. “ಅಯ್ಯನೋರೇ, ನೀವೇ ಒಂದ್ಮಾತು ಹೇಳ್ಬುಡಿ. ಎರಡು ಬಸ್ಸು ಹತ್ತಿ ಬಂದಿವ್ನಿ, ಬರೀ ಕೈಯಾಗೆ ಹೋಗ್ಲಾ? ಈ ಅಬ್ಬಾಯಿ ಇನ್ನಾ ನಮ್ಮಂಗೇ ಕೈಮುಗೀತಾವ್ನೆ.”

ಗಂಗಹನುಮಯ್ಯ ತಮ್ಮ ಕೈಗಳನ್ನು ನೋಡಿಕೊಂಡರು. ಅವು ಆಗಲೇ ಸೊಂಟದಿಂದ ಮೇಲೆ ಬಂದಿದ್ದವು. ಇವತ್ತು ಎತ್ತಿದರೆ ಮುಂದಿನ ವಾರವೂ ಕೇಳುತ್ತಾರೆ. ತಾವು ಬದುಕಿರುವಷ್ಟು ದಿನ ಹಾಲೇಶ ಈ ಸಭೆಗೆ ಪಾಲಕನಾಗುವುದಿಲ್ಲ.

ತಪ್ಪು ಎಲ್ಲಿ ಶುರುವಾಯಿತೆಂದೂ ಅವರಿಗೆ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಇದೇ ಈಶ್ವರಮ್ಮನ ಅಂಗಳ, ಬೇಲಿಯಾಚೆ ಸೋಲಾರ್ ಹಲಗೆಗಳ ಸಾಲು. ಪ್ರಾರ್ಥನೆಯ ಕೊನೆಗೆ ಹಾಲೇಶ ಉತ್ಸಾಹದಲ್ಲಿ ಕೈ ಎತ್ತಿ ‘ನಿಮ್ಮೆಲ್ಲರ’ ಎಂದಿದ್ದ. ಬರುವಾಗ ಇವರು ದಾರಿಯಲ್ಲಿ ಬೈಕು ನಿಲ್ಲಿಸಿದ್ದರು. “ಲೇ ಹಾಲೇಶ, ನಮ್ಮ ಅನ್ಬೇಕು ಕಣ್ಲಾ. ನಾನಿರೋಗಂಟ ನೀನು ಅವರ ಜೊತೆಗಿರೋನೇ.”

ಅಭಿಷೇಕವಾಗುವ ತನಕ ಎನ್ನಬೇಕಿತ್ತು. ನಾನಿರುವ ತನಕ ಎಂದಿದ್ದರು. ಹುಡುಗ ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತಿದ್ದ.

ಅವರು ಕುರ್ಚಿ ಬಿಟ್ಟು ಹೊರಟಾಗ ಹಾಲೇಶ ಸರಿದು ವೇದಿಕೆಯಲ್ಲಿ ಜಾಗ ಬಿಟ್ಟ. ಅವರು ಹತ್ತಲಿಲ್ಲ. ಸಾಲುಗಳ ನಡುವೆ ನಡೆದು ಈಶ್ವರಮ್ಮನ ಪಕ್ಕ ನಿಂತರು.

“ಅಯ್ಯೋ, ನೀವಿಲ್ಲಿ ನಿಂತ್ರೆ ಹೇಳೋರ್ಯಾರು?”

ಗಂಗಹನುಮಯ್ಯ ವೇದಿಕೆಯತ್ತ ನೋಡಿದರು.

“ಅಯ್ಯನೋರೇ,” ಎಂದರು.

ಯಾರನ್ನು ಕರೆಯುತ್ತಿದ್ದಾರೆಂದು ಜನ ತಿರುಗಿ ನೋಡಿದರು.

“ಈಯಮ್ಮನ ಬಸ್ಸು ಹೊಂಟೋಯ್ತದೆ. ಆಶೀರ್ವಾದ ಮಾಡಿ.”

“ನೀವಿರುವಾಗ ನಾನು...”

“ನಾನಿರೋದ್ರಿಂದಾನೇ ಕೇಳ್ತಿವ್ನಿ. ಅವತ್ತು ದಾರೀಲಿ ನಾನು ತಪ್ಪು ಹೇಳ್ಕೊಟ್ಟೆ ಕಣಪ್ಪ.”

ಹಾಲೇಶನ ಕೈಗಳು ಮೇಲೇರಿದವು, ಈ ಸಲ ಭುಜ ದಾಟಿ.

“ನಿಮ್ಮೆಲ್ಲರ ಸಂಗಡ ಇರಲಿ.”

ಗಂಗಹನುಮಯ್ಯ ತಲೆ ಬಾಗಿಸಿದ್ದರು. ಮೂವತ್ತೊಂದು ವರ್ಷ ಆ ಮಾತನ್ನು ಎದುರಿಗಿದ್ದವರಿಗೆ ಹೇಳಿದ್ದರು. ಅದರೊಳಗೆ ತಾವು ಇರಲಿಲ್ಲ ಎಂಬುದು ಈಗ ಹೊಳೆಯಿತು. ಸುತ್ತಲಿನವರೆಲ್ಲ ತಲೆ ಎತ್ತಿದರೂ ಅವರು ಎತ್ತಲಿಲ್ಲ.

ಈಶ್ವರಮ್ಮ ಮೊಣಕೈಯಿಂದ ತಿವಿದಳು.

“ಆಮೆನ್ ಅನ್ನಣ್ಣ.”